ಖಾಲಿ ಊರಿಗೊಂದು ನೋಟಿಸು

1514ರ ಜೂನ್ ತಿಂಗಳು. ಈಗಿನ ಕೊಲಂಬಿಯಾ ದೇಶದ ಸಾಂತಾ ಮಾರ್ತಾ ಕರಾವಳಿ. ಉರಿಬಿಸಿಲಿನಲ್ಲಿ ಉಕ್ಕಿನ ಅಂಗಿ ತೊಟ್ಟು ಬೇಯುತ್ತಿದ್ದ ಸುಮಾರು ಮುನ್ನೂರು ಮಂದಿ ಸ್ಪೇನಿಯರು ಕಾಡುದಾರಿ ಹಿಡಿದು ಒಂದು ಹಳ್ಳಿಗೆ ನುಗ್ಗಿದರು. ನೋಡಿದರೆ ಅಲ್ಲಿ ನರಪಿಳ್ಳೆಯೂ ಇಲ್ಲ. ಇವರು ಬರುವ ಸುದ್ದಿ ಇವರಿಗಿಂತ ಮೊದಲೇ ಊರು ಮುಟ್ಟಿತ್ತು.

ಲೂಟಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು ಎಂದು ನೀವು ಕೇಳಬಹುದು. ಹಾಗೆಲ್ಲ ಆಗುವುದಿಲ್ಲ ಸ್ವಾಮಿ. ಅದು ಕಾನೂನುಬದ್ಧ ಸಾಮ್ರಾಜ್ಯ. ಕೊಳ್ಳೆ ಹೊಡೆಯುವ ಮುಂಚೆ ನೋಟಿಸು ಕೊಡಬೇಕು. ಕೊಟ್ಟಿದ್ದಕ್ಕೆ ಸಾಕ್ಷಿ ಬೇಕು. ಸಾಕ್ಷಿಗೆ ರುಜು ಬೇಕು. ಅದಕ್ಕೆಂದೇ ದಂಡಿನ ಜೊತೆ ಒಬ್ಬ ಅಧಿಕಾರಿ ಬಂದಿದ್ದ, ಹೆಸರು ಗೊನ್ಸಾಲೊ ಫೆರ್ನಾಂಡೆಸ್ ದೆ ಒವಿಯೆದೊ. ಕರಗಿಸಿದ ಚಿನ್ನದಲ್ಲಿ ರಾಜನ ಪಾಲು ಸೋರದಂತೆ ಕಾಯುವುದು ಅವನ ಒಂದು ಕೆಲಸ, ಊರೂರಿಗೆ ನೋಟಿಸು ಓದಿ ಹೇಳುವುದು ಇನ್ನೊಂದು. ಖಾಲಿ ಗುಡಿಸಲುಗಳನ್ನು ನೋಡಿ ಒವಿಯೆದೊ ಕಾಗದವನ್ನು ದಂಡನಾಯಕ ಪೆದ್ರಾರಿಯಾಸ್‌ನ ಕೈಗೆ ಹಿಂದಿರುಗಿಸಿದ. ಈ ಜನಕ್ಕೆ ಇದರೊಳಗಿನ ವೇದಾಂತ ಕೇಳುವ ಮನಸ್ಸಿಲ್ಲ, ಕೇಳಿಸುವ ಮಂದಿ ನಮ್ಮಲ್ಲೂ ಇಲ್ಲ. ಇವರಲ್ಲೊಬ್ಬ ಪಂಜರಕ್ಕೆ ಬೀಳುವ ತನಕ ತಾವೇ ಇಟ್ಟುಕೊಂಡಿರಿ, ಆಮೇಲೆ ಅವನು ನಿಧಾನವಾಗಿ ಕಲಿಯಲಿ, ಬಿಷಪ್ಪರು ಅರ್ಥ ಹೇಳಲಿ ಎಂಬಂತೆ ಮಾತಾಡಿದ. ಪೆದ್ರಾರಿಯಾಸ್ ನಕ್ಕ. ಸುತ್ತ ನಿಂತವರೂ ನಕ್ಕರು. ಇದನ್ನು ಯಾವ ಶತ್ರುವೂ ಕಟ್ಟಿ ಹೇಳಿದ್ದಲ್ಲ, ಒವಿಯೆದೊನೇ ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ. ಸಾಮ್ರಾಜ್ಯದ ಗುಮಾಸ್ತರಲ್ಲಿ ಹಾಸ್ಯಪ್ರಜ್ಞೆಗೆ ಎಂದೂ ಕೊರತೆಯಿರಲಿಲ್ಲ.

ಈ ಕಾಗದಕ್ಕೆ ‘ರೆಕೆರಿಮಿಯೆಂತೊ’ ಎಂದು ಹೆಸರು. ತಗಾದೆ ಪತ್ರ ಎನ್ನಿ. 1513ರಲ್ಲಿ ಪಲಾಸಿಯೊಸ್ ರುಬಿಯೊಸ್ ಎಂಬ ಆಸ್ಥಾನದ ನ್ಯಾಯಪಂಡಿತ ಬರೆದದ್ದು. ಸಾರಾಂಶ ಇಷ್ಟು: ದೇವರು ಒಬ್ಬನೇ. ಅವನು ಐದು ಸಾವಿರ ಚಿಲ್ಲರೆ ವರ್ಷಗಳ ಹಿಂದೆ ಒಂದು ಗಂಡು, ಒಂದು ಹೆಣ್ಣನ್ನು ಸೃಷ್ಟಿಸಿದ. ನಾವೂ ನೀವೂ ಅವರದೇ ಸಂತಾನ. ಇಲ್ಲಿಯ ತನಕ ಅಡ್ಡಿಯಿಲ್ಲ, ಅಣ್ಣತಮ್ಮಂದಿರಾದೆವು. ಅಣ್ಣತಮ್ಮಂದಿರಾದ ಮೇಲೆ ಪಾಲಿನ ಮಾತು ಬರಲೇಬೇಕಲ್ಲ, ಬರುತ್ತದೆ. ದೇವರು ಇಡೀ ಲೋಕದ ಉಸ್ತುವಾರಿಯನ್ನು ಸಂತ ಪೀಟರಿಗೆ ವಹಿಸಿದ. ಆ ಪೀಠದ ಮೇಲೆ ಕೂರುವವರು ಪೋಪ್. ಅಂಥ ಒಬ್ಬ ಪೋಪ್ ಈ ದ್ವೀಪಗಳನ್ನೂ ಈ ನೆಲವನ್ನೂ ನಮ್ಮ ರಾಜ ರಾಣಿಯರಿಗೆ ದಾನ ಕೊಟ್ಟಿದ್ದಾರೆ. ಕಾಗದಪತ್ರವಿದೆ, ಇಷ್ಟವಿದ್ದರೆ ನೋಡಬಹುದು. ಆದಕಾರಣ ಚರ್ಚನ್ನು ಒಡತಿಯೆಂದೂ ರಾಜನನ್ನು ಒಡೆಯನೆಂದೂ ಒಪ್ಪಿಕೊಳ್ಳಿ. ಯೋಚಿಸಲು ತಕ್ಕಷ್ಟು ಸಮಯ ತೆಗೆದುಕೊಳ್ಳಿ. ಒಪ್ಪಿದರೆ ಪ್ರೀತಿಯಿಂದ ಕಾಣುತ್ತೇವೆ. ಒಪ್ಪದಿದ್ದರೆ ಯುದ್ಧ ಹೂಡುತ್ತೇವೆ, ಹೆಂಡಿರು ಮಕ್ಕಳನ್ನು ಹಿಡಿದು ಗುಲಾಮರೆಂದು ಮಾರುತ್ತೇವೆ, ಆಸ್ತಿ ಕಸಿಯುತ್ತೇವೆ, ಕೈಲಾದ ಕೇಡನ್ನೆಲ್ಲ ಮಾಡುತ್ತೇವೆ. ಆಗುವ ಸಾವುನೋವಿಗೆ ನೀವೇ ಹೊಣೆ. ರಾಜರು ಹೊಣೆಯಲ್ಲ, ನಾವಲ್ಲ, ನಮ್ಮ ಸಂಗಡ ಬಂದಿರುವ ಈ ಮಹನೀಯರೂ ಅಲ್ಲ. ಹೀಗೆ ಓದಿ ಹೇಳಿದ್ದಕ್ಕೆ ನೋಟರಿಯವರು ರುಜು ಹಾಕಿ ಸಾಕ್ಷಿಪತ್ರ ಕೊಡತಕ್ಕದ್ದು.

ಓದುತ್ತಿದ್ದದ್ದು ಸ್ಪ್ಯಾನಿಷ್‌ನಲ್ಲಿ. ಕೇಳುವವರಿಗೆ ಆ ಭಾಷೆ ಬಾರದು. ಕೇಳುವವರು ಇದ್ದಾಗಿನ ಮಾತಾಯಿತು ಇದು. ಎಷ್ಟೋ ಕಡೆ ನಡುರಾತ್ರಿ ಊರಿಂದ ದೂರ ನಿಂತು, ಗಿಡಮರಗಳಿಗೆ ಕೇಳಿಸುವಷ್ಟು ದನಿಯಲ್ಲಿ ಓದಿ ಮುಗಿಸಿ, ಬೆಳಗಾಗುವುದರೊಳಗೆ ದಾಳಿ ಮಾಡುತ್ತಿದ್ದರು. ಕೋರ್ಟಿನ ಅಮೀನ ಬೀಗ ಹಾಕಿದ ಮನೆಯ ಬಾಗಿಲಿಗೆ ಸಮನ್ಸು ಅಂಟಿಸಿ ‘ಜಾರಿಯಾಗಿದೆ’ ಎಂದು ಷರಾ ಬರೆದು ಹೋದದ್ದನ್ನು ಕಂಡವರಿಗೆ ಇದರ ಮರ್ಮ ಬೇಗ ಹತ್ತುತ್ತದೆ. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಈ ಕಾಗದ ಓದಿ, ನಗಬೇಕೋ ಅಳಬೇಕೋ ತಿಳಿಯದಾಯಿತು ಎಂದು ಬರೆದ. ಬರೆದ ಪಂಡಿತನಿಗೆ ಆ ಗೊಂದಲವಿರಲಿಲ್ಲ. ಕೆಲವು ವರ್ಷಗಳ ಮೇಲೆ ಒವಿಯೆದೊ ಅವನನ್ನೇ ಕಂಡು, ಇದರಿಂದ ಕ್ರೈಸ್ತರ ಆತ್ಮಸಾಕ್ಷಿಗೆ ಸಮಾಧಾನವಾಗುತ್ತದೆಯೇ ಎಂದು ಕೇಳಿದನಂತೆ. ಹೇಳಿದ ರೀತಿಯಲ್ಲಿ ಮಾಡಿದರೆ ಆಗುತ್ತದೆ ಎಂಬ ಉತ್ತರ ಬಂತು. ಖಾಲಿ ಹಳ್ಳಿಗಳ ಕಥೆ ಕೇಳಿ ಪಂಡಿತನೂ ನಕ್ಕ.

ನೋಟಿಸು ಯಾರ ವಿಳಾಸಕ್ಕೆ ಹೊರಟಿತ್ತು ಎಂಬುದು ಆ ಪ್ರಶ್ನೆಯಲ್ಲೇ ಇದೆ. ಊರಿನವರಿಗಲ್ಲ, ಓದುವವರಿಗೇ. ಕತ್ತಿಯಿಂದ ನೆಲ ಸಿಗುತ್ತದೆ, ನಿದ್ದೆ ಸಿಗುವುದಿಲ್ಲ. ನಿದ್ದೆಗೆ ಕಾಗದ ಬೇಕು. ಸಾಮ್ರಾಜ್ಯ, ಧರ್ಮ, ವರ್ಗ ಎಂದು ನಾವು ಶಾಲೆಯಲ್ಲಿ ಮೂರು ಬೇರೆ ಪಾಠಗಳಾಗಿ ಉರುಹೊಡೆದದ್ದು ಅಸಲಿಗೆ ಒಂದೇ ಕಚೇರಿಯ ಮೂರು ಮೇಜುಗಳು. ಒಂದರಲ್ಲಿ ನೆಲದ ದಾನಪತ್ರ, ಇನ್ನೊಂದರಲ್ಲಿ ಸ್ವರ್ಗದ ಪ್ರವೇಶಪತ್ರ, ಮೂರನೆಯದರಲ್ಲಿ ನೀನು ಯಾವ ಜಾತಿ ಎಂಬ ಪ್ರಮಾಣಪತ್ರ. ಒಂದು ಮೇಜಿಗೆ ಹೋದವನು ಉಳಿದೆರಡಕ್ಕೂ ಅಲೆಯದೆ ಹೊರಗೆ ಬಂದದ್ದಿಲ್ಲ.

ಮೊದಲ ಮೇಜು. 1493ರಲ್ಲಿ, ಕೊಲಂಬಸ್ ಹಿಂದಿರುಗಿದ ಎರಡು ತಿಂಗಳಲ್ಲೇ, ಆರನೇ ಅಲೆಕ್ಸಾಂಡರ್ ಪೋಪ್ ಒಂದು ಆಜ್ಞಾಪತ್ರ ಹೊರಡಿಸಿದರು. ಅಟ್ಲಾಂಟಿಕ್ ಸಾಗರದ ನಡುವೆ ಒಂದು ಗೆರೆ, ಅದರಾಚೆ ಸಿಕ್ಕಿದ್ದು, ಸಿಗಲಿರುವುದು ಎಲ್ಲವೂ ಸ್ಪೇನಿಗೆ. ದಾನಿಗಳು ಹುಟ್ಟಿದ್ದು ಸ್ಪೇನಿನ ವೆಲೆನ್ಸಿಯಾ ಸೀಮೆಯಲ್ಲಿ ಎಂಬುದು ಕಾಕತಾಳೀಯ ಎಂದುಕೊಳ್ಳೋಣ. ಪೋರ್ಚುಗಲ್ಲಿನವರು ತಕರಾರು ತೆಗೆದರು. ಮರುವರ್ಷ, 1494ರ ಜೂನ್ 7ರಂದು, ತೊರ್ದೆಸಿಯಾಸ್ ಎಂಬ ಪಟ್ಟಣದಲ್ಲಿ ಇಬ್ಬರೂ ಕೂತು ಹದ್ದುಬಸ್ತು ಮಾಡಿಕೊಂಡರು. ಗೆರೆ ಕೇಪ್ ವರ್ಡೆ ದ್ವೀಪಗಳಿಂದ 370 ಲೀಗು ಪಶ್ಚಿಮದಷ್ಟು ದೂರಕ್ಕೆ ಸರಿಯಿತು. ಆಚೆ ನಿನ್ನದು, ಈಚೆ ನನ್ನದು. ಸಮುದ್ರದ ಮೇಲೆ ಪೂರ್ವಪಶ್ಚಿಮದ ದೂರವನ್ನು ಸರಿಯಾಗಿ ಅಳೆಯುವ ಉಪಾಯ ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಸರ್ವೇ ಕಲ್ಲಿಲ್ಲ, ಸರಪಳಿಯಿಲ್ಲ, ಅಕ್ಕಪಕ್ಕದ ಹಿಡುವಳಿದಾರರ ಹೇಳಿಕೆಯಿಲ್ಲ, ಆದರೂ ಲೋಕದ ಪೋಡಿ ಮುಗಿಯಿತು. ಬ್ರೆಜಿಲಿನವರು ಈಗಲೂ ಪೋರ್ಚುಗೀಸ್ ಮಾತಾಡುವುದಕ್ಕೆ ಈ ಗೆರೆಯೇ ಕಾರಣ.

ಈಚೆಯ ಪಾಲಿನಲ್ಲಿ ನಾವೂ ಇದ್ದೆವು ಎಂಬುದನ್ನು ಮರೆಯಬಾರದು. ಭಟ್ಕಳ, ಹೊನ್ನಾವರ, ಬಸ್ರೂರಿನ ಬಂದರುಗಳಲ್ಲಿ ಮೆಣಸು ಅಕ್ಕಿ ತೂಗುತ್ತಿದ್ದ ನಮ್ಮ ವರ್ತಕರು ತಮಗೇ ತಿಳಿಯದಂತೆ ಲಿಸ್ಬನ್ನಿನ ಪಾಲಿಗೆ ಸೇರಿಹೋಗಿದ್ದರು. ವಿಜಯನಗರದ ಅರಮನೆಗೆ ಯಾರೂ ಒಂದು ನಕಲು ಪ್ರತಿಯನ್ನೂ ಕಳಿಸಲಿಲ್ಲ. 1510ರಲ್ಲಿ ಅಲ್ಬುಕರ್ಕ್ ಗೋವಾಕ್ಕೆ ಲಗ್ಗೆ ಇಟ್ಟಾಗ ದಾರಿ ತೋರಿಸಿದ್ದು ಹೊನ್ನಾವರದ ತಿಮ್ಮೋಜ. ಬಿಜಾಪುರದವರ ಮೇಲಿನ ಸಿಟ್ಟಿಗೆ ಪೋರ್ಚುಗೀಸರನ್ನು ಕರೆತಂದ. ಗೆರೆ ಎಳೆಯುವವರು ದೂರದಲ್ಲಿರುತ್ತಾರೆ, ಹಗ್ಗದ ಇನ್ನೊಂದು ತುದಿ ಹಿಡಿಯಲು ಊರಲ್ಲೇ ಒಬ್ಬ ಸಿಗುತ್ತಾನೆ.

ಪೋಪರ ಈ ದಾನದ ಬಗ್ಗೆ ಚೊಕ್ಕವಾಗಿ ಮಾತಾಡಿದವರು ಅಮೆರಿಕದ ಸೇನು ಎಂಬ ನಾಡಿನ ಜನ. ಅವರಿಗೆ ತಗಾದೆ ಪತ್ರ ಓದಿ ಹೇಳಿದ ಎನ್ಸಿಸೊ ಎಂಬ ವಕೀಲ ತನ್ನ 1519ರ ಭೂಗೋಳ ಪುಸ್ತಕದಲ್ಲಿ ಅವರ ಉತ್ತರವನ್ನು ದಾಖಲಿಸಿದ್ದಾನೆ. ದೇವರೊಬ್ಬನೇ ಎಂಬ ಮಾತು ಸರಿಯಾಗಿದೆ ಎಂದು ಅವರು ಒಪ್ಪಿದರು. ತನ್ನದಲ್ಲದ ನೆಲವನ್ನು ದಾನ ಕೊಟ್ಟ ಆ ಪೋಪ್ ಕುಡಿದಿರಬೇಕು, ಬೇರೆಯವರದನ್ನು ಬೇಡಿ ಪಡೆದ ಆ ರಾಜನಿಗೆ ಬುದ್ಧಿ ಕೆಟ್ಟಿರಬೇಕು ಎಂದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ನಮ್ಮ ಗಾದೆ ಅವರಿಗೆ ಗೊತ್ತಿರಲಿಲ್ಲ, ಅರ್ಥ ಮಾತ್ರ ಪೂರಾ ಗೊತ್ತಿತ್ತು. ಎನ್ಸಿಸೊ ಉತ್ತರವನ್ನು ಬರೆದುಕೊಂಡ. ಆಮೇಲೆ ಊರನ್ನು ಬಲವಂತವಾಗಿ ಹಿಡಿದ. ಅಹವಾಲು ಸ್ವೀಕರಿಸುವುದು ಬೇರೆ, ಪರಿಗಣಿಸುವುದು ಬೇರೆ.

ಎರಡನೆಯ ಮೇಜಿನಲ್ಲಿ ಸ್ವರ್ಗದ ವ್ಯವಹಾರ. 1532ರ ನವೆಂಬರ್ 16ರಂದು ಪೆರು ದೇಶದ ಕಾಹಾಮಾರ್ಕಾ ಊರಿನ ಚೌಕದಲ್ಲಿ ಇಂಕಾ ದೊರೆ ಅತಾವಾಲ್ಪನ ಮುಂದೆ ವಿಸೆಂತೆ ದೆ ವಾಲ್ವೆರ್ದೆ ಎಂಬ ಪಾದ್ರಿ ಪುಸ್ತಕ ಹಿಡಿದು ನಿಂತ. ಸಂಗಡ ಬಂದಿದ್ದ ಸ್ಪೇನಿನ ದಂಡನಾಯಕ ಪಿಸಾರೊನ 168 ಮಂದಿ ಗೋಡೆಗಳ ಹಿಂದೆ ಅಡಗಿದ್ದರು. ಅಕ್ಷರವೇ ಇಲ್ಲದ ನಾಡಿನ ದೊರೆ ಪುಸ್ತಕವನ್ನು ತಿರುಗಿಸಿ ನೋಡಿದ, ಅದೇನೂ ಮಾತಾಡಲಿಲ್ಲ, ಬಿಸಾಡಿದ. ಅಷ್ಟು ಸಾಕಾಯಿತು. ಕತ್ತಲಾಗುವುದರೊಳಗೆ ಚೌಕದಲ್ಲಿ ಸಾವಿರಾರು ಹೆಣ, ದೊರೆ ಸೆರೆಯಲ್ಲಿ. ಪುಸ್ತಕವನ್ನು ನೆಲಕ್ಕೆ ಹಾಕಿದ್ದಕ್ಕೆ ಇಷ್ಟು ದೊಡ್ಡ ದಂಡ ತೆತ್ತ ಓದುಗ ಲೋಕದಲ್ಲಿ ಮತ್ತೊಬ್ಬನಿಲ್ಲ.

ಬಿಡುಗಡೆಗಾಗಿ ಅವನು ಒಂದು ಕೋಣೆಯನ್ನು ತನ್ನ ಕೈ ಎಟಕುವ ಎತ್ತರಕ್ಕೆ ಚಿನ್ನದಿಂದ ಒಮ್ಮೆ, ಬೆಳ್ಳಿಯಿಂದ ಎರಡು ಸಲ ತುಂಬಿಸಿ ಕೊಡುತ್ತೇನೆಂದ. ತುಂಬಿಸಿದ. ಎಲ್ಲವನ್ನೂ ಕರಗಿಸಿ, ರಾಜನ ಐದನೆಯ ಒಂದು ಪಾಲು ಎತ್ತಿಟ್ಟು, ಮಿಕ್ಕದ್ದನ್ನು ಹಂಚಿಕೊಂಡು, ಲೆಕ್ಕ ಚುಕ್ತಾ ಆದ ಮೇಲೆ ದೊರೆಯ ಮೇಲೆ ಮೊಕದ್ದಮೆ ಹೂಡಿದರು. ಆರೋಪಗಳಲ್ಲಿ ವಿಗ್ರಹಾರಾಧನೆಯೂ ಒಂದು. ಶಿಕ್ಷೆ, ಜೀವಂತ ದಹನ. ದೀಕ್ಷಾಸ್ನಾನಕ್ಕೆ ಒಪ್ಪಿದರೆ ಸುಡುವ ಬದಲು ಕತ್ತು ಹಿಸುಕಲಾಗುವುದು ಎಂಬ ರಿಯಾಯಿತಿಯೂ ಇತ್ತು. ದೇಹ ಉಳಿಯದಿದ್ದರೆ ಮುಂದಿನ ಬಾಳಿಲ್ಲ ಎಂದು ನಂಬಿದ್ದ ಇಂಕಾ ರಿಯಾಯಿತಿ ಪಡೆದ. ಹೊಸ ಧರ್ಮದಲ್ಲಿ ಅವನು ಬದುಕಿದ್ದು ಕೆಲವೇ ಹೊತ್ತು. ಆದರೆ ಆ ವರ್ಷದ ದೀಕ್ಷೆಯ ಲೆಕ್ಕದಲ್ಲಿ ಒಂದು ಅಂಕಿ ಏರಿತು.

ಹಾಗೆಂದು ಇಂಕಾಗಳ ಮೇಲೆ ವಿಪರೀತ ಕರಗುವುದು ಬೇಡ. ಅವರದೂ ಇದೇ ಕಸುಬು. ತಾವು ಸೂರ್ಯನ ಮಕ್ಕಳು ಎಂದು ಅವರು ನೆರೆಯ ನಾಡುಗಳನ್ನು ನುಂಗಿದರು. ಗೆದ್ದ ನಾಡಿನ ದೇವರುಗಳನ್ನು ಹೊತ್ತು ತಂದು ರಾಜಧಾನಿ ಕುಸ್ಕೊದಲ್ಲಿ ಇಟ್ಟುಕೊಂಡರು. ಗೌರವಕ್ಕೆ ಎನ್ನುತ್ತಿದ್ದರು, ನಿಜದಲ್ಲಿ ಒತ್ತೆ. ಜನ ದಂಗೆಯೆದ್ದರೆ ಅವರ ದೇವರು ಇವರ ಕೈಯಲ್ಲಿ. ಮೇಲ್ವರ್ಗದವರು ಕಿವಿಯಲ್ಲಿ ದೊಡ್ಡ ಬಿರಡೆ ತೊಟ್ಟು ಕಿವಿ ಜೋತುಬಿಟ್ಟುಕೊಂಡು ತಿರುಗುತ್ತಿದ್ದರು. ಸ್ಪೇನಿನವರು ಅವರನ್ನು ‘ದೊಡ್ಡ ಕಿವಿಯವರು’ ಎಂದೇ ಕರೆದರು. ರಕ್ತದಿಂದ ಇಂಕಾ ಅಲ್ಲದವರಿಗೂ ನಿಷ್ಠೆ ಮೆಚ್ಚಿ ‘ಇಂಕಾ’ ಪದವಿ ದಯಪಾಲಿಸುವ ಪದ್ಧತಿ ಅಲ್ಲಿತ್ತು. ಸರದಿಯಂತೆ ಪ್ರಜೆಗಳಿಂದ ದುಡಿಸಿಕೊಳ್ಳುವ ‘ಮಿತಾ’ ಎಂಬ ಬಿಟ್ಟಿಯೂ ಇತ್ತು.

ಹೊಸ ಒಡೆಯರು ಬಂದು ವಿಗ್ರಹಗಳನ್ನು ಒಡೆದರು, ದೇಗುಲದ ಕಲ್ಲಿನ ಮೇಲೆ ಚರ್ಚು ಕಟ್ಟಿದರು, ಅಂಧಕಾರ ತೊಲಗಿತು ಎಂದು ಗಂಟೆ ಬಾರಿಸಿದರು. ಬಿಟ್ಟಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. 1545ರಲ್ಲಿ ಪೊತೊಸಿಯಲ್ಲಿ ಬೆಳ್ಳಿಯ ಬೆಟ್ಟ ಸಿಕ್ಕಿತ್ತು. 1570ರ ದಶಕದಲ್ಲಿ ಇಂಕಾಗಳ ಮಿತಾವನ್ನೇ ಜಾರಿಗೆ ತಂದು, ಸುತ್ತಲಿನ ಸೀಮೆಗಳಿಂದ ಏಳರಲ್ಲಿ ಒಬ್ಬ ಗಂಡಸಿನಂತೆ ಗಣಿಗೆ ಇಳಿಸಿದರು. ಆಳುಗಳನ್ನು ಹೊಂದಿಸಿ ಕೊಡಲು ಹಳೆಯ ಊರಗೌಡರೇ ಬೇಕಾಯಿತು. ಅವರಿಗೆ ಕಂದಾಯ ಮಾಫಿ, ಹೆಸರಿನ ಹಿಂದೆ ‘ದೊನ್’, ಕುದುರೆ ಏರುವ ಅಪ್ಪಣೆ. ಸೂರ್ಯ ವಿಗ್ರಹವಾದ್ದರಿಂದ ಹೋಗಬೇಕಾಯಿತು, ಗೌಡಿಕೆ ಧರ್ಮಾತೀತವಾದ್ದರಿಂದ ಉಳಿಯಿತು.

ಈ ಕಚೇರಿಯಲ್ಲಿ ಒಳ್ಳೆಯವರೇ ಇರಲಿಲ್ಲವೇ? ಇದ್ದರು. 1511ರ ಡಿಸೆಂಬರಿನ ಒಂದು ಭಾನುವಾರ, ಕೆರಿಬಿಯನ್ ದ್ವೀಪವೊಂದರ ಸಾಂತೊ ದೊಮಿಂಗೊ ಊರಿನ ಚರ್ಚಿನಲ್ಲಿ ಅಂತೋನಿಯೊ ದೆ ಮೊಂತೆಸಿನೊಸ್ ಎಂಬ ಪಾದ್ರಿ ಮುಂದಿನ ಸಾಲಿನಲ್ಲಿ ಕೂತಿದ್ದ ಧನಿಕರನ್ನು ನೋಡಿ, ಯಾವ ಹಕ್ಕಿನಿಂದ ಈ ಜನರನ್ನು ಹೀಗೆ ದುಡಿಸುತ್ತೀರಿ, ಇವರು ಮನುಷ್ಯರಲ್ಲವೇ ಎಂದು ಕೇಳಿಯೇ ಬಿಟ್ಟ. ಭಕ್ತರು ದಂಗಾದರು. ಕೊಲಂಬಸನ ಮಗ, ದ್ವೀಪದ ರಾಜ್ಯಪಾಲ, ಅವನೇ ಆಕ್ಷೇಪಣೆಗೆ ಎದ್ದ. ಹೇಳಿದ್ದನ್ನು ಮುಂದಿನ ವಾರ ತಿದ್ದಿಕೊಳ್ಳಲಿ ಎಂದು ಒತ್ತಾಯವಾಯಿತು. ಮುಂದಿನ ಭಾನುವಾರ ಆತ ಇನ್ನೂ ಖಾರವಾಗಿ ಹೇಳಿದ.

ಪಾದ್ರಿಯ ಪ್ರಶ್ನೆಗೆ ಸರಕಾರದ ಉತ್ತರ 1512ರ ಬುರ್ಗೊಸ್ ಕಾನೂನು. ದುಡಿಸುವುದನ್ನು ನಿಲ್ಲಿಸಬೇಕು ಎಂದು ಅದರಲ್ಲಿಲ್ಲ, ಹೇಗೆ ದುಡಿಸಬೇಕು ಎಂದಿದೆ. ಮಲಗಲು ಜೋಲಿ ಕೊಡಬೇಕು. ಗರ್ಭಿಣಿಯರನ್ನು ನಾಲ್ಕು ತಿಂಗಳಾದ ಮೇಲೆ ಗಣಿಗೆ ಕಳಿಸಕೂಡದು. ದೊಣ್ಣೆಯಿಂದ, ಚಾವಟಿಯಿಂದ ಹೊಡೆಯಕೂಡದು. ಇಂಡಿಯನ್ನರನ್ನು, ಅಂದರೆ ಅಲ್ಲಿನ ಮೂಲನಿವಾಸಿಗಳನ್ನು, ‘ನಾಯಿ’ ಎಂದು ಕರೆಯಕೂಡದು. ಕಾನೂನು ಏನನ್ನು ನಿಷೇಧಿಸುತ್ತದೆ ಎಂದು ಓದಿದರೆ ಸಾಕು, ಊರಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ಬೇರೆ ಇತಿಹಾಸ ಬೇಡ. ಮೂಲನಿವಾಸಿಗಳು ನಿಜವಾದ ಮನುಷ್ಯರೇ ಹೌದು, ಅವರ ಸ್ವಾತಂತ್ರ್ಯವನ್ನೂ ಸೊತ್ತನ್ನೂ ಕಸಿಯಕೂಡದು ಎಂದು ರೋಮಿನ ಆಜ್ಞಾಪತ್ರ ಹೊರಟದ್ದು 1537ರಲ್ಲಿ. ಕೊಲಂಬಸ್ ಬಂದು 45 ವರ್ಷ ಕಳೆದಿತ್ತು. ಮನುಷ್ಯ ಎಂಬ ಪ್ರಮಾಣಪತ್ರ ಸಿಗಲು ಅಷ್ಟು ಕಾಲ ಹಿಡಿಯಿತು, ಅಷ್ಟರಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಅರ್ಜಿದಾರರೇ ಮುಗಿಯುತ್ತ ಬಂದಿದ್ದರು. ಆಜ್ಞೆ ಮೀರಿದವರಿಗೆ ಬಹಿಷ್ಕಾರ ಎಂದಿದ್ದ ಜೊತೆಯ ಪತ್ರವನ್ನು ಸ್ಪೇನನ್ನು ಆಳುತ್ತಿದ್ದ ಚಕ್ರವರ್ತಿಯ ಒತ್ತಾಯದ ಮೇಲೆ ಮರುವರ್ಷವೇ ಹಿಂದಕ್ಕೆ ಪಡೆದರು. ನೀತಿ ಉಳಿಯಿತು, ಬೆತ್ತ ಹೋಯಿತು.

1550ರಲ್ಲಿ ವಾಯದೊಲಿದ್ ನಗರದಲ್ಲಿ ಪಂಡಿತರ ಸಭೆ ಕೂಡಿತು. ಸೆಪುಲ್ವೇದ ಎಂಬ ವಿದ್ವಾಂಸ ಅರಿಸ್ಟಾಟಲನನ್ನು ಹಿಡಿದು, ಕೆಲವರು ಹುಟ್ಟಾ ಗುಲಾಮರು ಎಂದು ವಾದಿಸಿದ. ಲಾಸ್ ಕಾಸಾಸ್ ದಿನಗಟ್ಟಲೆ ತನ್ನ ಪ್ರಬಂಧ ಓದಿ ಎದುರು ನಿಂತ. ಈ ಲಾಸ್ ಕಾಸಾಸ್ ಒಂದು ಕಾಲದಲ್ಲಿ ತಾನೇ ಇಂಡಿಯನ್ ಆಳುಗಳನ್ನಿಟ್ಟುಕೊಂಡ ಜಮೀನುದಾರ, ಆಮೇಲೆ ಮನಸ್ಸು ಕರಗಿ ಬಿಟ್ಟುಕೊಟ್ಟವನು. ಇಂಡಿಯನ್ನರನ್ನು ಉಳಿಸುವ ಭರದಲ್ಲಿ ಆಫ್ರಿಕದ ಗುಲಾಮರನ್ನು ತರಿಸಿ ಎಂದು ಸಲಹೆ ಕೊಟ್ಟು, ಮುಪ್ಪಿನಲ್ಲಿ ಅದಕ್ಕಾಗಿ ಪರಿತಪಿಸಿದವನೂ ಅವನೇ. ಕರುಣೆಗೂ ಒಂದು ಸರದಿ ಸಾಲಿರುತ್ತದೆ. ಸಭೆಯ ತೀರ್ಪೇನಾಯಿತು? ತೀರ್ಪೇ ಬರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಪಂಡಿತರು ಮನೆಗೆ ಹೋದರು. ಗೆದ್ದವರು ತಾವೇ ಎಂದು ಇಬ್ಬರೂ ಸಾರಿಕೊಂಡರು. ಗಣಿ ನಡೆಯುತ್ತಲೇ ಇತ್ತು.

ಇನ್ನು ಮೂರನೆಯ ಮೇಜು, ಜಾತಿ ವಿಭಾಗ. ದೇವರ ಮುಂದೆ ಎಲ್ಲರೂ ಸಮಾನರು ಎಂದು ಸಾರಿ ದೀಕ್ಷೆ ಕೊಟ್ಟದ್ದಾಯಿತು. ಈಗ ದೇವರ ಹಿಂದೆ ಏನು ವ್ಯವಸ್ಥೆ ಎಂದು ನೋಡಬೇಕಲ್ಲ. ಸ್ಪೇನಿನಲ್ಲಿ ಮೊದಲೇ ‘ರಕ್ತಶುದ್ಧಿ’ಯ ಕಾಯಿದೆಯಿತ್ತು. 1449ರಲ್ಲಿ ತೊಲೆದೊ ನಗರದಲ್ಲಿ ಆರಂಭವಾದದ್ದು. ಯಹೂದಿ ಮೂಲದವರು ಎಷ್ಟೇ ತಲೆಮಾರಿನಿಂದ ಕ್ರೈಸ್ತರಾಗಿದ್ದರೂ ಹುದ್ದೆಗೆ ಬಾರದವರು. ದೀಕ್ಷೆಯ ನೀರು ಪಾಪವನ್ನು ತೊಳೆಯುತ್ತಿತ್ತು, ಅಜ್ಜನನ್ನು ತೊಳೆಯುತ್ತಿರಲಿಲ್ಲ. ಅಮೆರಿಕದಲ್ಲಿ ಈ ಶಾಸ್ತ್ರ ಕೊಂಬೆರೆಂಬೆ ಚಾಚಿತು. ಸ್ಪೇನಿನಲ್ಲಿ ಹುಟ್ಟಿದ ಸ್ಪೇನಿಯ ಎಲ್ಲರಿಗಿಂತ ಮೇಲೆ. ಅವನದೇ ಮಗ ಮೆಕ್ಸಿಕೊದಲ್ಲಿ ಹುಟ್ಟಿದರೆ ಒಂದು ಮೆಟ್ಟಿಲು ಕೆಳಗೆ. ಕೆಳಗಿನ ಮೆಟ್ಟಿಲುಗಳನ್ನು 18ನೇ ಶತಮಾನದ ಮೆಕ್ಸಿಕೊದ ಚಿತ್ರಕಾರರು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ. ಒಂದು ಸರಣಿಗೆ ಸಾಮಾನ್ಯವಾಗಿ 16 ಚಿತ್ರ. ಪ್ರತಿ ಚಿತ್ರದಲ್ಲೂ ಅಪ್ಪ, ಅಮ್ಮ, ಮಗು, ಕೆಳಗೆ ಲೆಕ್ಕ: ಇಂಥವನಿಗೂ ಇಂಥವಳಿಗೂ ಹುಟ್ಟಿದ್ದು ಇಂಥದು. ಜೊತೆಗೆ ಅನಾನಸು, ಮೆಣಸಿನಕಾಯಿ, ಸಪೋಟ ಮುಂತಾದ ಆ ನೆಲದ ಬೆಳೆಗಳಿಗೂ ಹೆಸರಿನ ಚೀಟಿ. ಸರಣಿ ಕೆಳಗಿಳಿದಂತೆ ಬಟ್ಟೆ ಹರಿಯುತ್ತ ಹೋಗುತ್ತದೆ.

ಸ್ಪೇನಿಯನಿಗೂ ಇಂಡಿಯನ್ ಹೆಣ್ಣಿಗೂ ಹುಟ್ಟಿದ್ದು ‘ಮೆಸ್ತಿಸೊ’, ಅವನ ಸಂತಾನ ಮತ್ತೆ ಸ್ಪೇನಿಯರಲ್ಲೇ ಬೆರೆತರೆ ‘ಕಾಸ್ತಿಸೊ’, ಇನ್ನೊಂದು ತಲೆಮಾರು ಬೆರೆತರೆ ಮರಳಿ ಸ್ಪೇನಿಯ. ಇಷ್ಟು ಸರಳ. ಆಫ್ರಿಕದ ಒಂದು ಹನಿ ಬಿದ್ದರೆ ಮಾತ್ರ ಲೆಕ್ಕ ಜಟಿಲವಾಗಿ ಹೆಸರುಗಳೇ ತಡವರಿಸುತ್ತವೆ. ಒಂದು ಜಾತಿಯ ಹೆಸರು ‘ತೋಳ’. ಇನ್ನೊಂದರ ಹೆಸರು ‘ಹಿಂದಕ್ಕೆ ಜಿಗಿದವ’. ಮತ್ತೊಂದು ‘ಗಾಳಿಯಲ್ಲೇ ನಿಂತಿರು’, ಅಂದರೆ ಮೇಲೆ ಹತ್ತಲೂ ಇಲ್ಲ, ಕೆಳಗೆ ಇಳಿಯಲೂ ಇಲ್ಲ. ಎಲ್ಲಕ್ಕೂ ಕಳಶವಿಟ್ಟಂತೆ ಒಂದು ಜಾತಿಯ ಹೆಸರೇ ‘ನೊ ತೆ ಎಂತಿಯೆಂದೊ’, ಕನ್ನಡದಲ್ಲಿ ‘ನೀನು ನನಗೆ ಅರ್ಥವಾಗುತ್ತಿಲ್ಲ’. ಮೂರು ಶತಮಾನ ಜಾತಿ ಎಣಿಸಿದ ಸಾಮ್ರಾಜ್ಯ ಬರೆದಿಟ್ಟ ಒಂದೇ ಒಂದು ಪ್ರಾಮಾಣಿಕ ಷರಾ ಅದು.

ಅರ್ಥವಾಗದ್ದಕ್ಕೆ ಬೆಲೆ ಕಟ್ಟುವುದು ಕಷ್ಟವೇನಲ್ಲ. 1795ರಲ್ಲಿ ಸ್ಪೇನಿನ ದೊರೆ ‘ಗ್ರಾಸಿಯಾಸ್ ಅಲ್ ಸಕಾರ್’ ಎಂಬ ದರಪಟ್ಟಿ ಹೊರಡಿಸಿದ. ಬೇರೆಬೇರೆ ವಿನಾಯಿತಿಗಳ ನಡುವೆ ಮೈಬಣ್ಣದ ವಿನಾಯಿತಿಯೂ ಇತ್ತು. ‘ಪಾರ್ದೊ’ ಎಂಬ ಮಿಶ್ರವರ್ಣದವನು ಆ ಕಳಂಕ ನೀಗಿಸಿಕೊಳ್ಳಲು 500 ರಿಯಾಲ್. ‘ಕಿಂತೆರೊನ್’ಗೆ 800. ಕಿಂತೆರೊನ್ ಎಂದರೆ ಬಿಳುಪಿಗೆ ಇನ್ನೂ ಹತ್ತಿರದವನು, ಆದರೂ ಅವನಿಗೇ ದರ ಹೆಚ್ಚು. ರೈಲು ನಿಲ್ದಾಣ ಹತ್ತಿರವಾದಂತೆ ಸೈಟಿನ ಬೆಲೆ ಏರುವುದಿಲ್ಲವೇ, ಹಾಗೆ. ‘ದೊನ್’ ಎಂದು ಕರೆಸಿಕೊಳ್ಳಲು ಬೇರೆ ಶುಲ್ಕ.

ಇದರಿಂದ ಕೆರಳಿದವರು ಯಾರು? ಕಾರಕಾಸ್ ನಗರದ ‘ಮಾಂತುವಾನೊ’ಗಳು. ಉದ್ದನೆಯ ಮೇಲುಹೊದಿಕೆ ಹೊದ್ದು ಚರ್ಚಿಗೆ ಬರುವ ಹಕ್ಕು ತಮ್ಮ ಹೆಂಗಸರಿಗೆ ಮಾತ್ರ ಇದ್ದುದರಿಂದ ಆ ಹೊದಿಕೆಯ ಹೆಸರೇ ಈ ವರ್ಗದ ಹೆಸರಾಗಿತ್ತು. 1796ರಲ್ಲಿ ಅವರ ಹಿಡಿತದಲ್ಲಿದ್ದ ನಗರಸಭೆ ರಾಜನಿಗೆ ಉದ್ದದ ಪ್ರತಿಭಟನೆ ಬರೆಯಿತು. ಹೀಗೆ ಕಂಡಕಂಡವರಿಗೆ ಬಿಳುಪು ಮಾರಿದರೆ ನಮ್ಮ ಗತಿಯೇನು ಎಂಬುದು ತಾತ್ಪರ್ಯ. ಬಿಳುಪು ಕೊಂಡವರು ಕೊನೆಗೂ ಕೆಲವೇ ಮಂದಿ. ಅದೇ ವರ್ಗದಲ್ಲಿ ಹುಟ್ಟಿದ ಸಿಮೋನ್ ಬೊಲಿವಾರ್ ಮುಂದೆ ಖಡ್ಗ ಹಿಡಿದು ಸ್ಪೇನಿನಿಂದ ಸ್ವಾತಂತ್ರ್ಯ ತಂದ. ರಾಜನಿಂದ ಬಿಡುಗಡೆ ಸಿಕ್ಕಿತು, ಹೊದಿಕೆಯಿಂದ ಸಿಗಲು ಇನ್ನೂ ಬಹಳ ದಿನ ಬೇಕಾಯಿತು.

ಸ್ವರ್ಗದ ಕಡತವೂ ಇದೇ ಮೇಜು ದಾಟಬೇಕಿತ್ತು. 1555ರ ಮೆಕ್ಸಿಕೊ ಧರ್ಮಸಭೆ ಇಂಡಿಯನ್ನರಿಗೂ ಮಿಶ್ರವರ್ಣದವರಿಗೂ ಪಾದ್ರಿ ದೀಕ್ಷೆಯಿಲ್ಲ ಎಂದಿತ್ತು. ಭಕ್ತರಾಗಲು ಅರ್ಹರು, ಪೂಜೆಗೆ ಅಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಮ್ಮ ಹಿರಿಯರು ಮಾಡಿದ್ದು ಊರ ಗುಡಿಯನ್ನು ನೋಡಿ, ಅದು ಸಾಗರದಾಚೆಗೂ ಒಪ್ಪಿತು. ಲಿಮಾ ನಗರದ ಮಾರ್ತಿನ್ ದೆ ಪೊರೆಸ್ ಸ್ಪೇನಿನ ಕುಲೀನನೊಬ್ಬನಿಗೂ ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಹೆಂಗಸಿಗೂ ಹುಟ್ಟಿದವನು. ಮಠ ಸೇರಿದಾಗ ಅವನಿಗೆ ಸಿಕ್ಕಿದ್ದು ಕಸ ಗುಡಿಸುವ ಕೆಲಸ. ರೋಗಿಗಳ ಆರೈಕೆ ಮಾಡುತ್ತ 1639ರಲ್ಲಿ ತೀರಿಕೊಂಡ. ಸಂತನೆಂದು ರೋಮ್ ಘೋಷಿಸಿದ್ದು 1962ರಲ್ಲಿ, 323 ವರ್ಷದ ಮೇಲೆ. ಪಟದಲ್ಲಿ ಈಗಲೂ ಅವನ ಕೈಯಲ್ಲಿ ಪೊರಕೆಯಿದೆ. ಸ್ವರ್ಗಕ್ಕೆ ಹೋದರೂ ಹುದ್ದೆ ಬದಲಾಗಲಿಲ್ಲ.

ಇಷ್ಟೆಲ್ಲ ಓದಿ ನಾವು ಮೀಸೆ ತಿರುವುವುದು ಬೇಡ. ಆ ಚಿತ್ರಗಳ ಶೀರ್ಷಿಕೆಯಲ್ಲಿರುವ ‘ಕಾಸ್ತಾ’ ಎಂಬ ಪದ ಎರಡು ಹಡಗು ಹತ್ತಿ ಲೋಕ ಸುತ್ತಿತು. ಸ್ಪೇನಿನ ಹಡಗಿನಲ್ಲಿ ಮೆಕ್ಸಿಕೊಗೆ ಹೋಯಿತು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ನಮ್ಮ ಜಾತಿಯನ್ನು ಕಂಡು, ಓಹೋ ಇದು ನಮಗೆ ಗೊತ್ತಿರುವ ಸಂಗತಿಯೇ ಎಂದು ಅಂಟಿಕೊಂಡಿತು. ಇಂಗ್ಲಿಷರ ‘ಕಾಸ್ಟ್’ ಹುಟ್ಟಿದ್ದು ಅಲ್ಲಿಂದ. ಪೋರ್ಚುಗೀಸರು ಬರುವಾಗ ಮೆಣಸಿನಕಾಯಿ, ಅನಾನಸು ತಂದರು, ಪಾದ್ರಿ, ಇಗರ್ಜಿ, ಚಾವಿ, ಲಿಲಾವು ಎಂಬ ಮಾತುಗಳನ್ನು ಕೊಟ್ಟರು. ಜಾತಿಗೆ ಹೆಸರನ್ನಷ್ಟೇ ಕೊಟ್ಟರು, ಸರಕು ನಮ್ಮದೇ.

1560ರಲ್ಲಿ ಗೋವಾದಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಕೂತಿತು. ಜುಟ್ಟು, ತುಳಸಿಕಟ್ಟೆ, ಮದುವೆಯ ಹಾಡು ಎಲ್ಲವೂ ಅದರ ಕಣ್ಣಿಗೆ ಬಿದ್ದವು. ಹಿಂದೂಗಳೂ ಕ್ರೈಸ್ತರೂ ಊರು ಬಿಟ್ಟು ಕೆನರಾ ಸೀಮೆಗೆ ಬಂದರು, ಮಂಗಳೂರು ಕಡೆಯ ಎಷ್ಟೋ ಕೊಂಕಣಿ ಮನೆತನಗಳ ಮೂಲ ಅಲ್ಲಿದೆ. ಇಷ್ಟು ಕಟ್ಟುನಿಟ್ಟಿನ ನ್ಯಾಯಾಲಯದ ಕಣ್ಣು ತಪ್ಪಿಸಿ ಇಗರ್ಜಿಯ ಬಾಗಿಲಲ್ಲಿ ತಲೆಯೆತ್ತಿ ಒಳಗೆ ಹೋದದ್ದು ಒಂದೇ: ಬಾಮಣ, ಚಾರೊಡಿ, ಶುದಿರ್ ಎಂಬ ಭೇದ. ದೇವರು ಬದಲಾದರು, ಬೀಗತನ ಬದಲಾಗಲಿಲ್ಲ. ಅತ್ತ ಮಧುರೆಯಲ್ಲಿ ರೊಬೆರ್ತೊ ದೆ ನೊಬಿಲಿ ಎಂಬ ಇಟಲಿಯ ಪಾದ್ರಿ ಕಾವಿ ಉಟ್ಟು, ಬ್ರಾಹ್ಮಣರ ನಡುವೆ ಸನ್ಯಾಸಿಯಾಗಿ ಕೂತ. ದೀಕ್ಷೆ ಪಡೆದವರು ಜನಿವಾರ ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆ ರೋಮಿನ ತನಕ ಹೋಗಿ, 1623ರಲ್ಲಿ ಉಳಿಸಿಕೊಳ್ಳಬಹುದು ಎಂಬ ಆಜ್ಞೆ ಬಂತು. ಮುಂದೆ ಮೇಲುಜಾತಿಗೆ ಒಂದು ಬಗೆಯ ಪಾದ್ರಿ, ಉಳಿದವರಿಗೆ ಇನ್ನೊಂದು ಬಗೆಯ ಪಾದ್ರಿ ಎಂಬ ಏರ್ಪಾಡೂ ಆಯಿತು. ಗೆಲ್ಲಲು ಬಂದ ಧರ್ಮಗಳೆಲ್ಲ ನಮ್ಮ ನೆಲದಲ್ಲಿ ಜಾತಿಯ ಮುಂದೆ ಚಪ್ಪಲಿ ಬಿಟ್ಟೇ ಒಳಗೆ ಬಂದಿವೆ. ಯಾವ ಸಾಮ್ರಾಜ್ಯಕ್ಕೂ ಗೆಲ್ಲಲಾಗದ ನಾಡು ಯಾವುದು ಎಂದು ಯಾರಾದರೂ ಕೇಳಿದರೆ ನಾವು ಹೆಮ್ಮೆಯಿಂದ ಇದನ್ನೇ ತೋರಿಸಬಹುದು.

ತಗಾದೆ ಪತ್ರ ಕೊನೆಗೇನಾಯಿತು ಎಂದು ಹೇಳಿ ಮುಗಿಸಬೇಕು. 1573ರಲ್ಲಿ ಎರಡನೇ ಫಿಲಿಪ್ ದೊರೆ ಹೊಸ ನಿಯಮಾವಳಿ ತಂದ. ಇನ್ನು ಮೇಲೆ ‘ವಿಜಯ’ ಎಂಬ ಪದ ಬಳಸಕೂಡದು, ‘ಶಾಂತಿಸ್ಥಾಪನೆ’ ಎನ್ನಬೇಕು ಎಂದು ಅಪ್ಪಣೆಯಾಯಿತು. ಮಹತ್ತರ ಸುಧಾರಣೆ. ಆವತ್ತಿನಿಂದ ಯಾವ ದಂಡೂ ಯಾವ ಊರನ್ನೂ ಗೆದ್ದಿಲ್ಲ, ಬರಿಯ ಶಾಂತಿಯನ್ನೇ ಸ್ಥಾಪಿಸುತ್ತ ಬಂದಿದೆ. ಈ ನಿಯಮಾವಳಿಯನ್ನು ಓದದ ದೇಶಗಳೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ.

ಮೂಲ ದಾನಪತ್ರಕ್ಕೆ ಇನ್ನೂ ದೀರ್ಘಾಯುಸ್ಸು. ‘ಕಂಡುಹಿಡಿದವನಿಗೆ ಒಡೆತನ’ ಎಂಬ ಅದರ ತರ್ಕವನ್ನು 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮೂಲನಿವಾಸಿಗಳಿಗೆ ನೆಲದಲ್ಲಿ ವಾಸದ ಹಕ್ಕುಂಟು, ಒಡೆತನವಿಲ್ಲ ಎಂದಿತು. ಪೋಪರ ಪೀಠವನ್ನು ಒಪ್ಪದ ಪ್ರಾಟೆಸ್ಟೆಂಟರ ದೇಶ ಅದು. ಪೂಜೆ ಬೇಡ, ಪ್ರಸಾದ ಇರಲಿ. 2005ರಲ್ಲಿ ಒನೈಡಾ ಎಂಬ ಬುಡಕಟ್ಟಿನ ಮೊಕದ್ದಮೆಯಲ್ಲಿ ಅದೇ ಕೋರ್ಟು ಅಡಿಟಿಪ್ಪಣಿಯೊಂದರಲ್ಲಿ ಆ ಸಿದ್ಧಾಂತವನ್ನು ಮತ್ತೆ ನೆನೆಯಿತು. ಐನೂರು ವರ್ಷದ ಕಾಗದ ಅಡಿಟಿಪ್ಪಣಿಯಲ್ಲಿ ತಣ್ಣಗೆ ಉಸಿರಾಡುತ್ತಿತ್ತು.

ಕಡೆಗೆ 2023ರ ಮಾರ್ಚ್ 30ರಂದು ವ್ಯಾಟಿಕನ್ ಒಂದು ಹೇಳಿಕೆ ಹೊರಡಿಸಿತು. ಆ ಸಿದ್ಧಾಂತ ಕೆಥೊಲಿಕ ಚರ್ಚಿನ ಬೋಧನೆಯಲ್ಲ, ಹಳೆಯ ಆಜ್ಞಾಪತ್ರಗಳು ಎಂದೂ ನಂಬಿಕೆಯ ಮಾತಾಗಿರಲಿಲ್ಲ, ವಸಾಹತುಶಾಹಿಗಳು ಅವನ್ನು ತಮ್ಮ ರಾಜಕೀಯಕ್ಕೆ ಬಳಸಿಕೊಂಡರು ಎಂದಿತು. ಪಾಪ, ದಾನಪತ್ರ ಬರೆದುಕೊಟ್ಟವರಿಗೆ ಪಡೆದವರು ಅದನ್ನು ದಾನವೆಂದೇ ತಿಳಿದುಬಿಡುತ್ತಾರೆ ಎಂದು ಹೊಳೆದಿರಲಿಕ್ಕಿಲ್ಲ. ಅಂತೂ 530 ವರ್ಷದ ಕಡತ ವಿಲೇವಾರಿಯಾಯಿತು. ನಮ್ಮ ‘ಸಕಾಲ’ ಯೋಜನೆಯವರು ನೋಡಿ ಸಮಾಧಾನಪಟ್ಟುಕೊಳ್ಳಬಹುದು.

ಸಾಂತಾ ಮಾರ್ತಾದ ಗುಡ್ಡಗಳಲ್ಲಿ ಕೊಗಿ ಎಂಬ ಜನ ಇದ್ದಾರೆ, ಸ್ಪೇನಿಯರು ಬಂದಾಗ ಮೇಲಕ್ಕೆ ಹತ್ತಿ ಹೋದವರ ಪೀಳಿಗೆ. ದಾನಪತ್ರ ತಮ್ಮದಲ್ಲವೆಂದು ರೋಮಿನವರು ಹೇಳಿದ ಸುದ್ದಿ ಅವರಿಗೂ ತಲುಪಿರಬಹುದು. ಆದರೆ ಊರಲ್ಲಿ ನಾಲ್ಕು ಗುಂಟೆ ಜಮೀನಿಗಾಗಿ ತಾಲ್ಲೂಕು ಕಚೇರಿ ಅಲೆದವರಿಗೆ ಮುಂದಿನ ಪ್ರಶ್ನೆ ತಾನಾಗಿ ನಾಲಿಗೆಗೆ ಬರುತ್ತದೆ. ದಾನಪತ್ರವೇನೋ ನಮ್ಮದಲ್ಲ ಎಂದಿರಿ ಸ್ವಾಮಿ, ಸಂತೋಷ. ಖಾತೆ ಯಾರ ಹೆಸರಲ್ಲಿದೆ?